ಬೂದಿಯ ಮೇಲಿಟ್ಟ ಬಟ್ಟಲು

ಕತಗಾಲದ ದೊಡ್ಡಪ್ಪ ತೀರಿಹೋದ ಹನ್ನೊಂದನೆಯ ದಿನ ಸೂತಕ ಕಳೆಯಿತು. ಕುಮಟೆಯ ಮನೆಯಲ್ಲಿ ಮಹಾಲಕ್ಷ್ಮಿ ಅಂದು ಬೆಳಗಿನ ಜಾವದಿಂದ ಸೊಂಟ ನೆಟ್ಟಗೆ ಮಾಡಿರಲಿಲ್ಲ. ಹಾಸಿಗೆ ಬಟ್ಟೆ ಒಗೆದಾಗಿತ್ತು, ನೆಲ ಸಾರಿಸಿಯಾಗಿತ್ತು, ತಾಮ್ರ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ಬೆಳಗಿಯಾಗಿತ್ತು. ಉಳಿದದ್ದು ಮಣ್ಣಿನ ಪಾತ್ರೆ. ಮಣ್ಣು ಎಲ್ಲವನ್ನೂ ಹೀರಿಕೊಳ್ಳುತ್ತದೆ, ತೊಳೆದರೆ ಶುದ್ಧವಾಗುವುದಿಲ್ಲ, ಎಸೆಯಲೇಬೇಕು.

ಮಜ್ಜಿಗೆ ಗಡಿಗೆ, ಹಾಲಿನ ಕುಡಿಕೆ ಹಿತ್ತಿಲಿಗೆ ಹೋದವು. ಅತ್ತೆ ಮಾದೇವಿಯವರ ಕೈ ಗೂಡಿನಲ್ಲಿದ್ದ ಬಟ್ಟಲಿನ ಹತ್ತಿರ ಬಂದು ನಿಂತಿತು.

ಹಿಡಿಯಿಲ್ಲದ, ಹೊಳಪಿಲ್ಲದ ಕಂದು ಬಟ್ಟಲು. ಬಂದರಿನಲ್ಲಿ ಅದಿರು ತುಂಬುವ ಕಡೆ ಗುಮಾಸ್ತನಾಗಿದ್ದ ಗಂಡ ಕೃಷ್ಣಾನಂದನಿಗೆ ಜಪಾನಿ ಹಡಗಿನ ಅಡುಗೆಯವನು ಕೊಟ್ಟದ್ದು. ಕೈಯಲ್ಲೇ ಮಾಡಿದ್ದು, ಸೋಪು ತಾಗಿಸಬೇಡಿ, ದಿನವೂ ಚಾ ಕುಡಿದಂತೆ ಬಣ್ಣ ಏರುತ್ತದೆ ಎಂದು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದ್ದನಂತೆ. ಮೂರು ಗಂಟೆಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿತ್ತಿಲ ಕಟ್ಟೆಯ ಮೇಲೆ ಕೂತರೆ ಮಹಾಲಕ್ಷ್ಮಿಯನ್ನು ಯಾರೂ ಕರೆಯುತ್ತಿರಲಿಲ್ಲ. ಹನ್ನೆರಡು ಜನರ ಮನೆಯಲ್ಲಿ ಅವಳು ಕೂರುತ್ತಿದ್ದುದು ಅಷ್ಟೇ ಹೊತ್ತು.

“ಅದು ಬೇರೆ ನಮೂನೆ ಮಣ್ಣು, ಅತ್ತೆ.”

“ಮಣ್ಣು ಮಣ್ಣೇಯಾ. ಜಪಾನಿನ ಮಣ್ಣಿಗೆ ಸೂತಕ ಇಲ್ಯ?”

ಹೊಸ ಮಡಕೆ ತಂದಿದ್ದ ಕುಂಬಾರರ ಹನುಮಕ್ಕ ಬಟ್ಟಲನ್ನು ಬೆರಳಗೆಣ್ಣಿನಿಂದ ಬಡಿದಳು. ಠಣ್ಣೆಂದಿತು.

“ನಮ್ಮ ಗಡಗಿ ಹಿಂಗೆ ಕೂಗೂದಿಲ್ಲ ಅಮ್ಮಾ. ಇದು ಬೆಂದು ಬೆಂದು ಕಲ್ಲಾದ್ದು. ನೀರು ತುಂಬಿ ಒಣ ಬೂದಿ ಮೇಲೆ ಇಟ್ಟು ನೋಡಿ. ಬೂದಿ ಒದ್ದೆಯಾದ್ರೆ ಮಣ್ಣು, ಆಗದಿದ್ರೆ ಕಲ್ಲು.”

“ಆತು. ಒದ್ದೆಯಾದ್ರೆ ಮತ್ತೆ ಮಾತಿಲ್ಲೆ, ಹಿತ್ಲಿಗೇಯ,” ಎಂದರು ಅತ್ತೆ.

ಬಟ್ಟಲು ಕಿಟಕಿಕಟ್ಟೆಯ ಮೇಲೆ ಬೂದಿಯಲ್ಲಿ ಕೂತಿತು. ಮಹಾಲಕ್ಷ್ಮಿ ಬಾವಿಗೆ ಹೋಗುವಾಗ ನೋಡಿದಳು, ರುಬ್ಬುವಾಗ ಕತ್ತು ಹೊರಳಿಸಿ ನೋಡಿದಳು. ಮೂರು ಗಂಟೆ ಸಮೀಪಿಸಿದಾಗ ತಡೆಯಲಾರದೆ, ಕೊಡ ಇಳಿಸಿ ಬಂದ ಕೈಯಲ್ಲೇ ಬಟ್ಟಲನ್ನೆತ್ತಿದಳು. ಅಡಿ ಒಣಗಿತ್ತು. ಆದರೆ ಅವಳ ಮಣಿಕಟ್ಟಿನಿಂದ ಎರಡು ಹನಿ ಜಾರಿ ಬೂದಿಯ ನಡುವೆ ಬಿದ್ದು ಕಪ್ಪಾದವು.

ತಿರುಗಿದರೆ ಹಿಂದೆಯೇ ಅತ್ತೆ.

“ಅದು ಎನ್ನ ಕೈ ನೀರು, ಅತ್ತೆ.” ನಿಜವನ್ನೇ ಹೇಳಿದ್ದರೂ ಅವಳ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಅತ್ತೆ ಬೂದಿ ನೋಡಿದರು. ಆಮೇಲೆ ನೀರಲ್ಲಿ ನೆನೆದು ಸುಕ್ಕಾದ ಸೊಸೆಯ ಬೆರಳುಗಳನ್ನು ನೋಡಿದರು.

“ನಿನ್ನ ಕೈ ಒಣಗಿದ್ದು ಆನು ಯಾವತ್ತು ನೋಡಿದ್ದಿ!”

ಆ ಬೂದಿಯನ್ನು ಚೆಲ್ಲಿ, ಒಲೆಯಿಂದ ಬೇರೆ ಬೂದಿ ತಂದು ಹರವಿ, ಬಟ್ಟಲನ್ನು ತಾವೇ ಇಟ್ಟರು. “ನೀ ಇನ್ನು ಮುಟ್ಟಡ. ಅಲ್ಲಿ ಕೂತ್ಗ.”

ಅವಳು ಗೋಡೆಗೊರಗಿ ಕೂತಳು. ಕಾಯುತ್ತೇನೆಂದೇ ಕೂತದ್ದು, ಕಣ್ಣು ಮುಚ್ಚಿದ್ದು ತಿಳಿಯಲಿಲ್ಲ. ಎಚ್ಚರವಾದಾಗ ದೇವರ ಮುಂದೆ ದೀಪ ಉರಿಯುತ್ತಿತ್ತು. ಕಿಟಕಿಯಲ್ಲಿ ಬಟ್ಟಲಿರಲಿಲ್ಲ. ಬೂದಿ ಮಾತ್ರ ಇತ್ತು, ಬೆಳ್ಳಗೆ, ನಡುವೆ ದುಂಡನೆಯ ಗುರುತು.

ಒಲೆಯ ಮುಂದಿನಿಂದ ಎದ್ದುಬಂದ ಅತ್ತೆ ಬಟ್ಟಲನ್ನು ಅವಳ ಪಕ್ಕದಲ್ಲಿಟ್ಟರು. ಚಾ ಹೊಗೆಯಾಡುತ್ತಿತ್ತು.

“ಆನು ಬರೀ ನೀರಲ್ಲೇ ತೊಳದ್ದಿ,” ಎಂದರು. “ಸೋಪು ಹಾಕಿದ್ನಿಲ್ಲೆ.”