ಸಾಕಿದ ಬ್ಯಾಕ್ಟೀರಿಯಾ

ಪ್ರೊಫೆಸರ್ ಸ್ಟೆಲ್ಲಾನ್ ಹೆಡ್‌ಲುಂಡ್ ಕಾಫಿ ಹೊತ್ತಿಗೆ ಕೇಕ್ ತರಿಸಿದನೆಂದರೆ ಹಿಂದೆಯೇ ಬಡಾಯಿ ಬರುತ್ತಿದೆ ಎಂದು ಅರ್ಥ. ಗೋಥೆನ್‌ಬರ್ಗಿನ ಆ ಆಸ್ಪತ್ರೆಯಲ್ಲಿ ಸೋಂಕುರೋಗಗಳ ವೈದ್ಯೆಯಾಗಿದ್ದ ಯಲ್ವಾಗೆ ಇದು ಚೆನ್ನಾಗಿ ಗೊತ್ತಿತ್ತು.

“ನಮ್ ಔಷಧಿನ ಕತ್ತರಿಸಿ ಹಾಕೋ ಬ್ಯಾಕ್ಟೀರಿಯಾದ ಕಿಣ್ವ ಇದ್ಯಲ್ಲ, ನನ್ನ ಪುಡಿ ಅದರ ಬಾಯಿಗೆ ಬೀಗ ಜಡಿಯುತ್ತೆ,” ಎಂದ ಸ್ಟೆಲ್ಲಾನ್. “ಜೊತೆಗೆ ಹಳೇ ಆ್ಯಂಟಿಬಯಾಟಿಕ್ ಕೊಟ್ರೆ ಬ್ಯಾಕ್ಟೀರಿಯಾ ಖಲಾಸ್! ಬೆರಿಟ್‌ಗೂ ಹೇಳಿ ಬಂದಿದೀನಿ, ನಿನ್ನ ಕಿಡ್ನಿ ಉಳೀತು ಅಂತ.”

ಯಲ್ವಾಗೆ ಮೈ ಉರಿಯಿತು. ಟ್ರಾಮ್ ಓಡಿಸಿ ನಿವೃತ್ತಳಾದ ತನ್ನ ರೋಗಿ ಬೆರಿಟ್‌ಗೆ ಇದ್ದದ್ದೇ ಒಂದು ಕಿಡ್ನಿ. ಅವಳ ರಕ್ತಕ್ಕಿಳಿದ ಸೋಂಕಿಗೆ ಉಳಿದಿದ್ದ ಒಂದೇ ಮದ್ದು ಆ ಕಿಡ್ನಿಯನ್ನೇ ತಿನ್ನುವಂಥದ್ದು.

“ಪುಡಿ ಇಲ್ದೆ, ಬರೀ ಆ್ಯಂಟಿಬಯಾಟಿಕ್ ಹಾಕಿ ನೋಡಿದ್ಯಾ?”

“ಅದ್ಯಾಕೆ? ಅದು ಔಷಧಿಗೆ ಬಗ್ಗದ ತಳಿ. ಎಷ್ಟೋ ವರ್ಷದಿಂದ ನಮ್ಮ ಲ್ಯಾಬಲ್ಲೇ ಬೆಳೆಸ್ತಿದೀವಿ.”

“ಬೆಳೆಸೋವಾಗ ಔಷಧಿ ಬೆರೆಸ್ತೀರಾ?”

“ಸುಮ್ನೆ ದಂಡ ಯಾಕೆ?”

ಯಲ್ವಾ ಕೇಕ್ ಮುಟ್ಟಲಿಲ್ಲ. ಔಷಧಿಯ ಭಯವೇ ಇಲ್ಲದ ಕಡೆ ಬ್ಯಾಕ್ಟೀರಿಯಾ ತನ್ನ ಆಯುಧವಾದ ಆ ಕಿಣ್ವವನ್ನು ಹೊತ್ತು ತಿರುಗುವುದಿಲ್ಲ, ಎಸೆದುಬಿಡುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಮಾತು. ಗೊತ್ತಿಲ್ಲದಿರಲು ಪ್ರೊಫೆಸರೇ ಆಗಬೇಕೇನೋ! ಅವನ ಬ್ಯಾಕ್ಟೀರಿಯಾವನ್ನೂ ಬೆರಿಟ್‌ಳ ರಕ್ತದಿಂದ ತೆಗೆದದ್ದನ್ನೂ ಪುಡಿ ಹಾಕಿಯೂ ಹಾಕದೆಯೂ ಹಳೆಯ ಔಷಧಿಯಲ್ಲಿ ಯಲ್ವಾ ತಾನೇ ಬೆಳೆಯಲಿಟ್ಟಳು.

ಮರುದಿನ ನೋಡಿದರೆ, ಅವನ ಸಾಕುಪ್ರಾಣಿ ಬರೀ ಹಳೆಯ ಔಷಧಿಗೇ ಸತ್ತು ಬಿದ್ದಿತ್ತು. ಪುಡಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಬೆರಿಟ್‌ಳದ್ದು ಮಾತ್ರ ಔಷಧಿ, ಪುಡಿ ಎರಡನ್ನೂ ಕಡೆಗಣಿಸಿ ಹುಲುಸಾಗಿ ಬೆಳೆದಿತ್ತು.

ಸ್ಟೆಲ್ಲಾನ್ ಕನ್ನಡಕ ಏರಿಸಿ ನೋಡಿದ. “ನಿನ್ನ ರೋಗಿಯ ಬ್ಯಾಕ್ಟೀರಿಯಾನೇ ಯಾಕೋ ಸರಿ ಇಲ್ಲ.”

ಕುಣಿಯಲಾರದವಳಿಗೆ ನೆಲ ಡೊಂಕು. “ಬಾ, ಇದನ್ನ ಬೆರಿಟ್‌ಗೂ ನೀನೇ ಹೇಳು,” ಎಂದು ಯಲ್ವಾ ಅವನನ್ನು ವಾರ್ಡಿಗೆ ಎಳೆದುಕೊಂಡೇ ಹೋದಳು.

ಅವನನ್ನು ಕಂಡದ್ದೇ ಬೆರಿಟ್‌ಳ ಮುಖ ಅರಳಿತು. “ಬಂದ್ಯಾ! ಇವತ್ತೇ ಶುರು ಮಾಡೋಣ್ವಾ?”

“ಅದು... ಯಲ್ವಾ ಹೇಳ್ತಾಳೆ. ನಂಗೊಂದು ಮೀಟಿಂಗ್ ಇದೆ,” ಎಂದವನೇ ಹೊರಟುಹೋದ.

ಥೂ, ಇವನೂ ಒಬ್ಬ ಗಂಡಸು ಅನ್ನಿಸಿತು ಯಲ್ವಾಗೆ. ಮಂಚದ ಅಂಚಿನಲ್ಲಿ ಕೂತು ಏನನ್ನೂ ಮುಚ್ಚಿಡದೆ ಹೇಳಿದಳು. ಬೆರಿಟ್ ತೋಳು ಚಾಚಿದಳು.

“ಆ ವಿಷಾನೇ ಏರಿಸು. ಕಿಡ್ನಿ ಹೋದ್ರೆ ಹೋಗ್ಲಿ. ಅವನ ಮುಖಕ್ಕೆ ಉಗಿಯೋಕಾದ್ರೂ ನಾನು ಬದುಕಿರ್ಬೇಕು.”