ಕಿಟ್ಟದ ದಿಬ್ಬದ ಮೊದಲ ಸಾಲು

ಭಾನುವಾರ ಬೆಳಿಗ್ಗೆ ಆರು ಹತ್ತಕ್ಕೆ ವಾಗೀಶ್ ಹೊಳಗುಂದದ ಹೊರಗಿನ ಕರಿ ದಿಬ್ಬದ ಮೇಲಿದ್ದ. ನಾದಿನಿ ಭುವನಾ ಬಚ್ಚಿಟ್ಟ ಡಬ್ಬಿ ಅವನಿಗೆ ಇನ್ನೂ ಸಿಕ್ಕಿರಲಿಲ್ಲ.

ಆಟ ಸರಳ. ಒಬ್ಬರು ಡಬ್ಬಿ ಅಡಗಿಸಿ ಅದರ ಅಕ್ಷಾಂಶ, ರೇಖಾಂಶವನ್ನೂ ಒಂದು ಸುಳಿವನ್ನೂ ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಹುಡುಕಿದವರು ಒಳಗಿನ ಚೀಟಿಯಲ್ಲಿ ಹೆಸರು ಬರೆಯುತ್ತಾರೆ. ಮೊದಲ ಸಾಲಿಗೆ ಬೆಲೆ ಹೆಚ್ಚು. ಆದೋನಿ ಸುತ್ತಲಿನ ಹನ್ನೊಂದು ಡಬ್ಬಿಗಳಲ್ಲೂ ಮೊದಲ ಸಾಲು ವಾಗೀಶನದೇ. ಆದೋನಿಯಲ್ಲಿ ಅವನದು ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್.

ಹನ್ನೆರಡನೆಯದನ್ನು ಇಟ್ಟವಳು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಭುವನಾ. ಡಬ್ಬಿಯ ಪುಟದಲ್ಲಿ ದಿಬ್ಬದ ಚರಿತ್ರೆಯನ್ನೂ ಬರೆದಿದ್ದಳು. ಇದು ಕಲ್ಲಲ್ಲ, ಕಿಟ್ಟ. ಹಿಂದೆ ಇಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆದಾಗ ಉಳಿದ ಕಸ. ಅಮೆರಿಕ ಬ್ರಿಟಿಷರ ವಸಾಹತಾಗಿದ್ದ ಕಾಲದ ಅಲ್ಲಿನ ಕುಲುಮೆಗಳಿಗೂ ಇದನ್ನು ಹೋಲಿಸಿದ್ದಳು. ಅಲ್ಲಿ ಗಾಳಿ ಊದುವ ತಿದಿ ಒತ್ತಲು ನೀರಿನ ಚಕ್ರವಿತ್ತು, ಇಲ್ಲಿ ಮನುಷ್ಯರ ಕೈಕಾಲು. ಎರಡೂ ಕಡೆ ಉರಿದದ್ದು ಕಾಡಿನ ಇದ್ದಿಲು. ಪೆನ್ಸಿಲ್ವೇನಿಯಾದಲ್ಲಿ ಅಂಥ ಹಳೆ ಕುಲುಮೆಗಳ ಬಳಿ ಡಬ್ಬಿ ಹುಡುಕುವ ಒಬ್ಬಾತ ಉದ್ದನೆಯ ಮೆಚ್ಚುಗೆ ಬರೆದಿದ್ದ. ವಾಗೀಶನ ಹನ್ನೊಂದು ರುಜುಗಳಿಗೆ ಯಾರೂ ಒಂದು ಮಾತೂ ಬರೆದಿರಲಿಲ್ಲ. ಪುಟವನ್ನು ಅವನು ನಾಲ್ಕು ಸಲ ಓದಿದ. ಅವಳಿಗೆ ದಿಬ್ಬ ತೋರಿಸಿದ್ದು ತಾನು. ತನ್ನ ಹೆಸರೇ ಇಲ್ಲ.

ಮೊದಲ ಸಾಲನ್ನಾದರೂ ಬಿಡಬಾರದೆಂದು ಮಿಲ್ಲಿನ ಮ್ಯಾಗ್ನೆಟ್ ತಂದಿದ್ದ. ಹತ್ತಿಯಲ್ಲಿ ಸೇರಿಬಂದ ಮೊಳೆ, ತಂತಿ ಯಂತ್ರಕ್ಕೆ ಸಿಕ್ಕಿ ಕಿಡಿ ಹಾರದಂತೆ ಅದರಿಂದಲೇ ಹೆಕ್ಕುತ್ತಾರೆ. ತಗಡಿನ ಡಬ್ಬಿಯಾದರೆ ತಾನೇ ಬಂದು ಅಂಟಿಕೊಳ್ಳುತ್ತದೆ ಎಂದುಕೊಂಡಿದ್ದ. ಕಿಟ್ಟದಲ್ಲಿ ಉಳಿದಿದ್ದ ಕಬ್ಬಿಣ ಬಂದು ಮೆತ್ತಿಕೊಂಡಿತು. ಒಂದು ಗಂಟೆ ಕೆರೆದು ಕೈ ಕಪ್ಪಾಯಿತು.

ಡಬ್ಬಿ ಯಾರಿಗೆ ಸಿಕ್ಕಿತೆಂದು ನೋಡಲು ಏಳೂವರೆಗೆ ಭುವನಾ ಬಂದಳು. ಅವಳ ಹಿಂದೆಯೇ, ಆಟಕ್ಕೆ ಹೊಸಬನಾದ ಕೋಸಗಿಯ ರೈಲ್ವೆ ನೌಕರ ಆಂಜಿನೇಯ ಬೈಕಿಳಿದು ದಿಬ್ಬದ ಬುಡ ಸುತ್ತತೊಡಗಿದ.

“ಏನ್ ಭಾವಾ, ಹತ್ತಿ ಬಿಟ್ಟು ಕಲ್ಲು ಜಿನ್ ಮಾಡಾಕ ಹತ್ತೀರೇನು?” ಎಂದಳು ಭುವನಾ.

“ನಗಬ್ಯಾಡ. ಈ ದಿಬ್ಬ ನಿನಗ ತೋರಿಸ್ದಾಂವ ಯಾರು? ನನ್ನ ಹೆಸರು ಯಾಕ ಬರೀಲಿಲ್ಲ?”

“ಬರೀಲೇನು? ಗೋಡೌನ್ ಬುನಾದಿಗೆ ನಾಕು ಟ್ರ್ಯಾಕ್ಟರ್ ಕರಿಕಲ್ಲು ಪುಕ್ಕಟೆ ಸಿಗ್ತಾವು ಅಂತ ತೋರಿಸಿದ್ರಿ. ನಾ ಅಡ್ಡ ನಿಂತಿದ್ಕ ಉಳದೈತಿ. ಅದನ್ನೂ ಸೇರ್ಸಿ ಬರೀತೀನಿ, ಹೇಳ್ರಿ. ಪೆನ್ಸಿಲ್ವೇನಿಯಾದಾಂವ ಓದ್ತಾನ, ಅಕ್ಕನೂ ಓದ್ತಾಳ.”

ವಾಗೀಶನಿಗೆ ಅದು ನೆನಪಿತ್ತು. ಮತ್ತೆ ಮ್ಯಾಗ್ನೆಟ್ ಕೆರೆಯಲು ಬಗ್ಗಿದ.

ಅಷ್ಟರಲ್ಲಿ ಆಂಜಿನೇಯ ಕೂಗಿದ. ‘ಗಾಳಿ ಹೊಕ್ಕ ದಾರಿ’ ಎಂದು ಪುಟದಲ್ಲಿ ಸುಳಿವಿತ್ತು. ತಿದಿಯ ಗಾಳಿ ಕುಲುಮೆಗೆ ಹೋಗುತ್ತಿದ್ದ ಮಣ್ಣಿನ ಕೊಳವೆಯ ತುಂಡೊಂದು ಕಂಡು ಅವನು ಒಳಗೆ ಬೆರಳು ತೂರಿಸಿದ್ದ. ಹೊರಬಂದದ್ದು ಪ್ಲಾಸ್ಟಿಕ್ ಡಬ್ಬಿ. ಅದೇ ಪುಟವನ್ನು ವಾಗೀಶ್ ಓದಿದ್ದು ತನ್ನ ಹೆಸರಿಗಾಗಿ ಮಾತ್ರ.

“ಪೆನ್ ಐತೇನ್ರಿ, ಸಾವ್ಕಾರ್ರ?” ಎಂದು ಆಂಜಿನೇಯ ಅವನನ್ನೇ ಕೇಳಿದ.

ವಾಗೀಶ್ ಕೊಟ್ಟ. ಆಂಜಿನೇಯ ಮೊದಲ ಸಾಲಿನಲ್ಲಿ ಹೆಸರು ಬರೆದು, ಸಮಯ ಏಳು ನಲವತ್ತೆಂಟು ಎಂದು ಸೇರಿಸಿದ. ವಾಗೀಶ್ ಎರಡನೇ ಸಾಲಿಗೆ ರುಜು ಹಾಕದೆ, ಪೆನ್ನು ಇಸಿದುಕೊಂಡು ಆದೋನಿಗೆ ಹೊರಟ.