ಮಸಿ ಹತ್ತಿದ ಬೆರಳು

ಯೂಫೀಮಿಯಾ ಗಂಡ ಆಲ್ಬನ್‌ನ ಉಗುರುಗಳನ್ನು ನಿಂಬೆಹೋಳಿನಿಂದ ಮೂರನೇ ಸಲ ತಿಕ್ಕಿದಳು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸಿದ ಬೆರಳುಗಳು. ಜೀವ ಹೋದರೂ ಮಸಿ ಹೋಗಲೊಲ್ಲದು.

"ಬಿಡೇ, ಚರ್ಮ ಕಿತ್ಕೊಂಡು ಬರುತ್ತೆ," ಎಂದಳು ನೆರೆಮನೆಯ ವೆರೋನಿ. "ಸ್ವರ್ಗದ ಬಾಗಿಲಲ್ಲಿ ಕೈ ತೊಳಿಯೋಕೆ ನೀರಿಟ್ಟಿರ್ತಾರೆ."

"ಸಂಪಾದಕರ ಜೊತೆ ಶಾಸನಸಭೆಯೋರೆಲ್ಲ ಬರ್ತಾರೆ. ಇವನನ್ನ ಹೀಗೇ ಕಳಿಸಲ್ಲ," ಎಂದು ಯೂಫೀಮಿಯಾ ಆಲ್ಬನ್‌ಗೆ ಬಿಳಿ ಕೈಗವಸು ತೊಡಿಸಿದಳು.

ಜಗಲಿಯಲ್ಲಿ ರಮ್ ಕುಡಿಯುತ್ತಿದ್ದವರ ಬಾಯಲ್ಲೆಲ್ಲ ಆ ಅಚ್ಚುಕೂಟದ ಪತ್ರಿಕೆಯ ಸಂಪಾದಕ ಥಿಯೊ ಹೋಸ್ಟೆನ್‌ನದೇ ಮಾತು.

"ಗ್ರೆನಡಾನ ಗ್ರೆನಡಾದೋರೇ ಆಳ್ಬೇಕು ಅಂತ ಆ ಬ್ರಿಟಿಷರ ಕಾಲದಲ್ಲೇ ಬರೆದ ಗಂಡಸು. ಜೈಲಿಗೂ ಹೋದ."

"ಆಲ್ಬನ್ ಪಾಪ, ಕೊಟ್ಟಿದ್ದನ್ನ ಜೋಡಿಸ್ತಿದ್ದ. ಬಾಯಲ್ಲಿ ಬೆರಳಿಟ್ರೂ ಕಚ್ತಿರಲಿಲ್ಲ."

ಒಳಗಿದ್ದ ಯೂಫೀಮಿಯಾಳ ಕಿವಿಗೆ ಎಲ್ಲ ಬೀಳುತ್ತಿತ್ತು. ಇವತ್ತು ಮಣ್ಣು ಮುಚ್ಚಿದರೆ ನಿಜವೂ ಮುಚ್ಚಿಹೋಗುತ್ತದೆ. ಮೂವತ್ತು ವರ್ಷ ಹೊಗಳಿಸಿಕೊಂಡ ಥಿಯೊ ಇವತ್ತಾದರೂ ಬಾಯಿಬಿಡುತ್ತಾನೆಯೇ?

*

ಮೂವತ್ತು ವರ್ಷದ ಹಿಂದೆ, ಆಲ್ಬನ್ ಕಾಗದದ ಮೇಲೆ ಒಂದು ಸಾಲೂ ಬರೆಯುತ್ತಿರಲಿಲ್ಲ. ಮನಸ್ಸಿನಲ್ಲಿ ಹುಟ್ಟಿದ್ದನ್ನು ನೇರವಾಗಿ ಸೀಸದ ಮೊಳೆಗಳಲ್ಲೇ ಜೋಡಿಸುತ್ತಿದ್ದ.

"ಕಾಗದ ಸಿಕ್ರೆ ಕೈಬರಹ ಹಿಡೀತಾರೆ. ಮೊಳೆಗೆ ಯಾರ ಕೈಬರಹ?" ಎಂದು ನಗುತ್ತಿದ್ದ. ಅಚ್ಚಾದ ಮೇಲೆ ಮೊಳೆಗಳು ಮತ್ತೆ ತಮ್ಮ ತಮ್ಮ ಖಾನೆ ಸೇರುತ್ತಿದ್ದವು.

ಪೊಲೀಸರು ಬಂದು ಬರೆದವರು ಯಾರೆಂದು ಕೇಳಿದಾಗ ಥಿಯೊ "ನಾನು" ಅಂದುಬಿಟ್ಟ. ಹನ್ನೊಂದು ತಿಂಗಳ ಶಿಕ್ಷೆಯಾಯಿತು. ತಪ್ಪೊಪ್ಪಿಕೊಳ್ಳಲು ಹೊರಟ ಆಲ್ಬನ್‌ಗೆ ತುಂಬು ಬಸುರಿ ಯೂಫೀಮಿಯಾ ಬಾಗಿಲಲ್ಲಿ ಅಡ್ಡ ನಿಂತಳು. ಮಾರನೇ ದಿನ ಜೈಲಿಗೇ ಹೋಗಿ, ಕಂಬಿಯ ಸಂದಿಯಲ್ಲಿ ಬೈಬಲ್ ಹಿಡಿದು, ಥಿಯೊನಿಂದ ಆಣೆ ಹಾಕಿಸಿಕೊಂಡಳು.

"ನಾನಾಗಿ ಆಣೆ ಬಿಡಿಸೋ ತನಕ ಆಲ್ಬನ್ ಹೆಸರೆತ್ತಬಾರದು."

ಹೊಟ್ಟೆಯಲ್ಲಿದ್ದ ಮಗಳಿಗೀಗ ಮೂವತ್ತು. ಆಣೆ ಮರೆತೇ ಹೋಗಿತ್ತು. ನಿಜ ಹೇಳಬೇಕೆಂದರೆ, ಮರೆತದ್ದಲ್ಲ. ಭಯ ಪೂರ್ತಿ ಬಿಟ್ಟಿರಲಿಲ್ಲ. ಥಿಯೊ ಮಾತ್ರ ಅದನ್ನು ಮರೆತು ಹೊಗಳಿಕೆಯಲ್ಲಿ ಹಾಯಾಗಿದ್ದಾನೆ ಎಂದೇ ನಂಬಿದ್ದಳು.

*

ವಾಡಿಕೆಯಂತೆ ಶವಪೆಟ್ಟಿಗೆ ಸತ್ತವನು ದುಡಿದ ಜಾಗದ ಮುಂದೆ, ಅಚ್ಚುಕೂಟದ ಮೆಟ್ಟಿಲ ಬಳಿ, ನಿಂತಿತು. ಕೋಲೂರಿಕೊಂಡು ಥಿಯೊ ಮುಂದೆ ಬಂದ.

"ಆಲ್ಬನ್ ನನ್ನ ಜೊತೆ..." ಎಂದವನು ಅಲ್ಲಿಗೇ ತಡೆದು ಯೂಫೀಮಿಯಾಳ ಮುಖ ನೋಡಿದ.

ಈ ನೋಟ ಅವಳಿಗೆ ಹೊಸದಲ್ಲ. ಚರ್ಚಿನಲ್ಲಿ, ಸಂತೆಯಲ್ಲಿ, ಮಗಳ ಮದುವೆಯಲ್ಲಿ ಅವನು ಹೀಗೇ ನೋಡುತ್ತಿದ್ದ. ದೊಡ್ಡಮನುಷ್ಯನ ಜಂಬ ಎಂದುಕೊಂಡಿದ್ದಳು. ತನ್ನ ಒಂದು ಮಾತಿಗೆ ಕಾಯುತ್ತಿದ್ದಾನೆಂದು ಈಗ ತಿಳಿಯಿತು.

"ಥಿಯೊ, ಆಣೆಯಿಂದ ಬಿಡಿಸಿದೀನಿ," ಎಂದಳು. "ಹೇಳಪ್ಪ."

ಮುದುಕ ಹ್ಯಾಟು ತೆಗೆದ. "ನಾನು ಜೈಲಿಗೆ ಹೋದ ಬರಹದಲ್ಲಿ ಒಂದಕ್ಷರವೂ ನನ್ನದಲ್ಲ. ಎಲ್ಲ ಇವನದು." ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಚಪ್ಪಾಳೆ ಮಾತ್ರ ನನಗೆ ಬಂತು. ಬಹಳ ಭಾರವಾಗಿತ್ತು, ಫೀಮಿ."

ಯೂಫೀಮಿಯಾ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆಯಲು ಹೇಳಿದಳು. ಕೈಗವಸುಗಳನ್ನು ಒಂದೊಂದಾಗಿ ಕಳಚಿ, ಹತ್ತೂ ಕಪ್ಪು ಬೆರಳುಗಳನ್ನು ಬಿಳಿ ಅಂಗಿಯ ಮೇಲೆ ಎಲ್ಲರಿಗೂ ಕಾಣುವಂತೆ ಬಿಡಿಸಿಟ್ಟಳು.